ಪಂಕಾದ ರಾಡು ಅಂದವನು ನಾನು

ಸುಣ್ಣದ ಗಚ್ಚನ್ನು ಹೇಗೆ ಅರೆಯುತ್ತಿದ್ದಿರಿ ಎಂದು ಕೇಳಿಕೊಂಡು ಹುಡುಗರು ನನ್ನ ಮನೆಗೆ ಬರುತ್ತಾರೆ. ಹಳೆಯ ಶಾಲೆಗಳ ದುರಸ್ತಿ ಕೆಲಸಕ್ಕೆ ಹೊಸದಾಗಿ ಸೇರಿದವರು. ಮೊಬೈಲು ಮುಂದೆ ಹಿಡಿದು ನನ್ನ ಮಾತು ತುಂಬಿಕೊಳ್ಳುತ್ತಾರೆ. "ಭಾರಿ ಹೇಳಿದ್ರಿ ಕಾಕಾ" ಎಂದು ಹೋಗುತ್ತಾರೆ. ಅವರು ಹೋದ ಮೇಲೆ ನನಗೆ ಬಾಯಿ ಕಹಿಯಾಗುತ್ತದೆ. ಅವರು ಕೇಳಿದ್ದನ್ನು ಹೇಳಿರುತ್ತೇನೆ, ಕೇಳದ್ದನ್ನು ಹೇಳಿರುವುದಿಲ್ಲ. ಈ ಕೆಲಸದಲ್ಲಿ ಮುಖ್ಯವಾಗಿ ಕಲಿಯಬೇಕಾದದ್ದು ಅವರು ಕೇಳದೆ ಬಿಟ್ಟದ್ದರಲ್ಲೇ ಇದೆ.

ನನ್ನ ಹೆಸರು ಖಾಸಿಂ. ಸುರಪುರದವನು. ಓದಿದ್ದು ಐದನೆಯ ತರಗತಿಯವರೆಗೆ. ನಮ್ಮ ಅಬ್ಬಾ ಗೌಂಡಿ, ಗೋಡೆ ಕಟ್ಟುವ ಕಸುಬಿನವರು. ಅವರ ಕೈಕೆಳಗೆ ಕರಣಿ ಹಿಡಿಯಲು ಕಲಿತೆ. ಆಮೇಲೆ ಸರ್ಕಾರಿ ಕಟ್ಟಡಗಳ ದುರಸ್ತಿ ಗ್ಯಾಂಗಿನಲ್ಲಿ ನೌಕರಿ ಸಿಕ್ಕಿತು, ಮೇಸ್ತ್ರಿಯಾಗಿ ನಿವೃತ್ತನಾದೆ. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳ ಹಳೆಯ ಶಾಲೆಗಳ ಮಾಳಿಗೆ ಹತ್ತಿ ಇಳಿಯುವುದರಲ್ಲೇ ಆಯುಷ್ಯ ಕಳೆಯಿತು. ನನ್ನ ತಮ್ಮ ಮೌಲಾ ಕೂಡ ಗೌಂಡಿ. ಅದೇ ಗ್ಯಾಂಗಿನಲ್ಲಿದ್ದ. ನಾನು ಕಾಯಂ, ಅವನು ದಿನಗೂಲಿ. ಮನೆಯಲ್ಲಿ ನಾವು ಆಡುತ್ತಿದ್ದುದು ದಖನಿ ಉರ್ದು, ಕೆಲಸದ ಮೇಲೆ ಕನ್ನಡ. ಮಾಳಿಗೆಯ ಮೇಲೆ ಕೂಲಿ ಹೆಣ್ಣುಮಕ್ಕಳಿಗೆ ತಿಳಿಯದ ಮಾತು ಆಡಬಾರದು, ಕಲ್ಲು ಜಾರಿದಾಗ ಕೂಗಿದ್ದು ಎಲ್ಲರಿಗೂ ಒಟ್ಟಿಗೇ ತಿಳಿಯಬೇಕು ಎಂದು ಅಬ್ಬಾ ಹೇಳಿಕೊಟ್ಟಿದ್ದರು.

ನಿಜಾಮರ ಕಾಲದ ಶಾಲೆಯ ಗೋಡೆ ಹೊರಗಿನಿಂದ ಒಂದೇ ಕಾಣುತ್ತದೆ. ಒಡೆದು ನೋಡಿದರೆ ಎರಡು. ಹೊರಗೊಂದು ಕಲ್ಲಿನ ಮೈ, ಒಳಗೊಂದು ಕಲ್ಲಿನ ಮೈ, ನಡುವೆ ಚೂರುಕಲ್ಲು ಮತ್ತು ಗಚ್ಚು. ಎರಡೂ ಮೈಗಳನ್ನು ಹಿಡಿದಿಡಲು ಅಲ್ಲಲ್ಲಿ ಅಡ್ಡಲಾಗಿ ಉದ್ದಗಲ್ಲು ಕೂಡಿಸಿರುತ್ತಾರೆ. ಮುಂದೆ ಕಮಾನುಗಳ ಪಡಸಾಲೆ ಇರುವುದರಿಂದ ಬಿಸಿಲು ತರಗತಿಯ ಗೋಡೆಯನ್ನು ಮುಟ್ಟುವುದಿಲ್ಲ. ಮೇಲೆ ಚಾವಣಿಗೆ ಹತ್ತಿ ರೋಷನದಾನ ಎನ್ನುವ ಸಣ್ಣ ಬೆಳಕಿಂಡಿಗಳು. ಒಳಗಿನ ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಸುರಪುರದ ಗುಡ್ಡದ ಬಂಡೆಯ ಮೇಲೆ ಕಾಲಿಡಲಾಗುತ್ತಿರಲಿಲ್ಲ, ಆದರೆ ಶಾಲೆಯ ಒಳಗೆ ತೂಕಡಿಕೆ ಬರುತ್ತಿತ್ತು. ಆ ತಂಪಿಗೆ ತೂಕಡಿಸಿ ನಾನು ತಿಂದ ಏಟಿಗೆ ಲೆಕ್ಕವಿಲ್ಲ. ಮುಂದೆ ಅದೇ ರೋಷನದಾನಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದವನೂ ನಾನೇ. ಪಾರಿವಾಳ ಬರುತ್ತವೆ ಎಂದು ಯಾರೋ ದೂರು ಕೊಟ್ಟಿದ್ದರು. ಪಾರಿವಾಳ ನಿಂತವು, ಗಾಳಿಯೂ ನಿಂತಿತು. ಮರುವರ್ಷ ಸೆಕೆಯೆಂದು ಫ್ಯಾನು ಬಂದವು.

ನಾನು ಕೆಲಸಕ್ಕೆ ಸೇರಿದಾಗ ಗಚ್ಚಿನ ಕಾಲ ಮುಗಿಯುತ್ತ ಬಂದಿತ್ತು. ಶಹಾಪುರದ ಒಂದು ಶಾಲೆಯ ಹಿತ್ತಿಲಲ್ಲಿ ಸುಣ್ಣದ ಗಾಣದ ಕಲ್ಲು ಬಿದ್ದಿತ್ತು. ಎತ್ತು ಕಟ್ಟಿ ತಿರುಗಿಸುವಂಥದ್ದು. ಅಬ್ಬಾ ಅದರಲ್ಲಿ ಸುಣ್ಣ, ಮರಳು ಅರೆಸಿ, ಬೆಲ್ಲದ ನೀರು ಹಾಕಿ ಮಾಳಿಗೆಗೆ ಹೊಯ್ಸುತ್ತಿದ್ದರು. ಹೆಣ್ಣುಮಕ್ಕಳು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕಟ್ಟಿಗೆಯಿಂದ ದಿನವಿಡೀ ಬಡಿಯುತ್ತಿದ್ದರು. ಬಡಿದು ಬಡಿದು ಸಪ್ಪಳ ಬದಲಾಗುವವರೆಗೆ. ನಮ್ಮ ಗ್ಯಾಂಗಿನ ದೇವಕ್ಕ ಹಾಗೆ ಬಡಿದವರಲ್ಲಿ ಕೊನೆಯವಳು. ಸಿಮೆಂಟು ಬಂದ ಮೇಲೆ ಅವಳು ಬುಟ್ಟಿ ಹೊರುವವಳಾದಳು. "ಬಡಿಯೋ ಕೆಲಸ ಹೋತು, ಹೊರೋ ಕೆಲಸ ಉಳೀತು. ಹೆಂಗಸ್ರ ನಸೀಬಿನ್ಯಾಗ ಒಂದಾದ್ರೂ ಇರಾಕಬೇಕಲ್ಲ" ಎನ್ನುತ್ತಿದ್ದಳು.

ಸಿಮೆಂಟಿನಿಂದ ನಾವು ಮಾಡಿದ ಹಾಳು ಯಾದಗಿರಿಯಲ್ಲಿ ಚೆನ್ನಾಗಿ ಕಂಡಿತು. ಗಚ್ಚಿನ ಗೋಡೆ ನೆಲದ ಪಸೆ ಹೀರಿಕೊಂಡು ಬಿಸಿಲಿಗೆ ಬಿಡುತ್ತದೆ. ನಾವು ಅದರ ಮೇಲೆ ಸಿಮೆಂಟು ಮೆತ್ತಿದೆವು. ಪಸೆ ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಮೇಲೇರಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರು ಹಪ್ಪಳದಂತೆ ಎದ್ದು ಉದುರಿತು, ಅದರ ಜೊತೆಗೆ ಹಳೆಯ ಗಚ್ಚೂ ಕಿತ್ತು ಬಂತು. ಅಲ್ಲಿಯ ಹೆಡ್ ಮಾಸ್ತರರು ಅಂಗೈ ತುಂಬ ಆ ಪುಡಿ ತಂದು ನನ್ನ ಮುಂದೆ ಸುರಿದರು.

"ಏನೋ ಖಾಸಿಂ, ನೀ ಗೌಂಡಿ ಏನು ಸಂತ್ಯಾಗಿನ ಬಳಿಗಾರ? ವರ್ಷಕ್ಕೊಮ್ಮೆ ಬರ್ತಿ, ಹೊಸಾದು ತೊಡಸ್ತಿ, ಹೋಗ್ತಿ. ಮುಂದಿನ ವರ್ಷಕ್ಕ ಒಡದಿರ್ತಾವ."

"ಮ್ಯಾಲಿನವರು ಹಚ್ಚು ಅಂದ್ರ ಹಚ್ಚತೀವ್ರಿ ಸರ."

"ಮ್ಯಾಲಿನವರು ಗೋಡಿ ನುಂಗು ಅಂದ್ರ?"

ಮೌಲಾ ಬಾಯಿಗೆ ಟವೆಲು ಒತ್ತಿಕೊಂಡು ನಗುತ್ತಿದ್ದ. ನಾನೂ ನಕ್ಕೆ. ಮರುವರ್ಷ ಮತ್ತೆ ಸಿಮೆಂಟೇ ಹಚ್ಚಿದೆವು. ಸಿಮೆಂಟು ಒದಗಿಸುವ ಗುತ್ತಿಗೆದಾರನಿಗೆ ಅದರಿಂದ ನಷ್ಟವೇನೂ ಇರಲಿಲ್ಲ.

ಮೇಲಿನವರಲ್ಲಿಯೂ ತರತರ. ಒಬ್ಬರಿದ್ದರು, ಜೀಪಿನಿಂದ ಇಳಿಯುತ್ತಲೇ ಇರಲಿಲ್ಲ. ಸುತ್ತಿದ ಕಾಗದವನ್ನು ಕಿಟಕಿಯಿಂದ ಹೊರಗೆ ಚಾಚಿ, "ಅಲ್ಲಿ ಒಡೀರಿ, ಇಲ್ಲಿ ಕಟ್ರಿ" ಎನ್ನುತ್ತಿದ್ದರು. ಕಾಗದದ ತುದಿ ಯಾವ ಗೋಡೆಯ ಕಡೆಗಿದೆ ಎಂದು ನಾವೇ ಊಹಿಸಬೇಕಿತ್ತು. ಅವರ ನಂತರ ಬಂದ ಇಂಜಿನಿಯರು ಇನ್ನೂ ಚಿಕ್ಕ ವಯಸ್ಸಿನವರು, ದಾವಣಗೆರೆ ಕಡೆಯವರು. ತಾವೇ ಏಣಿ ಹತ್ತುತ್ತಿದ್ದರು. ಗೊತ್ತಿಲ್ಲದ್ದನ್ನು ನಾಚಿಕೊಳ್ಳದೆ ಕೇಳುತ್ತಿದ್ದರು. ನನಗೆ 'ನೀವು' ಎನ್ನುತ್ತಿದ್ದರು. ಇಡೀ ನೌಕರಿಯಲ್ಲಿ ನನಗೆ ಹಾಗೆ ಅಂದ ಅಧಿಕಾರಿ ಅವರೊಬ್ಬರೇ. ಆ ಒಳ್ಳೆಯ ಮನುಷ್ಯನಿಗೆ ನಾನು ಕೊಟ್ಟ ಒಂದು ಉತ್ತರದ ಕಥೆಯೇ ಇದು.

ಶಹಾಪುರದ ಯಾವ ಶಾಲೆ ಎಂದು ಬರೆಯುವುದಿಲ್ಲ. ಅಲ್ಲಿಯವರಿಗೆ ಗೊತ್ತು. ಅದರ ಮೂಲೆಯಲ್ಲಿ ಒಂದು ದೊಡ್ಡ ಕೋಣೆ ಇತ್ತು. ಮೇಲೆ ಕಬ್ಬಿಣದ ಗರ್ಡರುಗಳು, ಎರಡು ಗರ್ಡರುಗಳ ನಡುವೆ ಇಟ್ಟಿಗೆಯ ಚಿಕ್ಕ ಕಮಾನು, ಮತ್ತೆ ಗರ್ಡರು, ಮತ್ತೆ ಕಮಾನು. ಕೆಳಗೆ ನಿಂತು ಕತ್ತೆತ್ತಿದರೆ ಚಾವಣಿ ಅಲೆ ಅಲೆಯಾಗಿ ಕಾಣುತ್ತಿತ್ತು. ಗರ್ಡರುಗಳಿಗಿಂತ ಒಂದು ಮೊಳ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ, ಕಬ್ಬಿಣದ ರಾಡುಗಳು ಹಾಯ್ದಿದ್ದವು. ಹೆಬ್ಬೆರಳಿನಷ್ಟು ದಪ್ಪ.

ಆ ರಾಡುಗಳು ಏತಕ್ಕೆಂದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಫ್ಯಾನಿಲ್ಲದ ಕಾಲದಲ್ಲಿ ಅವಕ್ಕೆ ಬಟ್ಟೆಯ ದೊಡ್ಡ ಪಂಕಾ ಕಟ್ಟಿ, ಹೊರಗೆ ಕೂತವನೊಬ್ಬ ಹಗ್ಗ ಎಳೆಯುತ್ತಿದ್ದನಂತೆ. ಶಾಲೆಯ ಜವಾನ ತನ್ನ ಮುತ್ತಜ್ಜನೇ ಆ ಹಗ್ಗ ಎಳೆಯುತ್ತಿದ್ದವನು ಎಂದು ಹೊಸ ಮಾಸ್ತರರಿಗೆಲ್ಲ ಹೇಳುತ್ತಿದ್ದ. ನಿದ್ದೆ ಬರಬಾರದೆಂದು ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಳ್ಳುತ್ತಿದ್ದನೆಂದೂ ಸೇರಿಸುತ್ತಿದ್ದ. ಕೇಳಲು ಚೆನ್ನಾಗಿತ್ತು. ನಾನೂ ಅದನ್ನೇ ಕೇಳಿ ಬೆಳೆದವನು. ಒಮ್ಮೆಯೂ ಏಣಿ ಹಾಕಿ, ಪಂಕಾ ತೂಗಿದ್ದರೆ ಇರಬೇಕಾದ ಸವೆತ ರಾಡಿನ ಮೇಲೆ ಇದೆಯೇ ಎಂದು ನೋಡಲಿಲ್ಲ.

ಆ ಶಾಲೆಗೆ ಕಂಪ್ಯೂಟರುಗಳು ಬಂದವು. ಧೂಳು ಬೀಳದ ಕೋಣೆ ಬೇಕೆಂದು ಮೂಲೆಯ ಕೋಣೆಯನ್ನು ಆರಿಸಿದರು. ಗರ್ಡರುಗಳ ಕೆಳಗೆ ಬಿಳಿ ಹಲಗೆಗಳ ಸುಳ್ಳು ಚಾವಣಿ ಕಟ್ಟಬೇಕು. ರಾಡುಗಳು ಅಡ್ಡ. ಅವು ಹಾಗೆಯೇ ಕೆಳಗೆ ಕಾಣುತ್ತಿದ್ದರೆ ಉದ್ಘಾಟನೆಗೆ ಬಂದವರು ನಗುತ್ತಾರೆ ಎಂದು ಅಲ್ಲಿಯ ಹೆಡ್ ಮಾಸ್ತರರಿಗೆ ಚಿಂತೆ. ಇಂಜಿನಿಯರು ಬಹಳ ಹೊತ್ತು ಮೇಲೆ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಸ್ತ್ರಿ, ನೀವು ಇಂಥ ಕಟ್ಟಡ ಬಹಳ ನೋಡಿದ್ದೀರಿ. ಈ ರಾಡುಗಳು ಏನನ್ನಾದರೂ ಹಿಡಿದಿವೆಯಾ?"

ಅವರಿಗೆ ಅನುಮಾನವಿತ್ತು. ನನಗೆ ಗೊತ್ತಿಲ್ಲ ಎಂದಿದ್ದರೆ ಕಲಬುರಗಿಗೆ ಹೋಗಿ ಯಾರನ್ನಾದರೂ ಕೇಳಿ ಬರುತ್ತಿದ್ದರು, ಅಂಥ ಮನುಷ್ಯ. ಆದರೆ ಸುತ್ತ ಮಾಸ್ತರರಿದ್ದರು, ನನ್ನ ಗ್ಯಾಂಗಿತ್ತು. ಓದಿದ ಇಂಜಿನಿಯರೊಬ್ಬರು ಎಲ್ಲರೆದುರು ನನ್ನನ್ನು ಕೇಳುತ್ತಿದ್ದರು. ಐದನೆಯ ತರಗತಿಗೆ ಶಾಲೆ ಬಿಟ್ಟವನಿಗೆ ಆ ಗಳಿಗೆ ಏನು ಮಾಡುತ್ತದೆ ಎಂದು ಹೇಗೆ ಹೇಳಲಿ?

"ಏನೂ ಹಿಡಿದಿಲ್ರಿ ಸಾಹೇಬ್ರ. ಪಂಕಾದ ರಾಡದಾವು. ನಮ್ಮ ಅಬ್ಬಾ ಇದ್ದಾಗಿಂದ ನೋಡೀನಿ" ಎಂದೆ.

ಅಬ್ಬಾ ಆ ಕೋಣೆಯ ವಿಷಯ ಎಂದೂ ನನ್ನ ಹತ್ತಿರ ಮಾತಾಡಿರಲಿಲ್ಲ. ಸತ್ತವರ ಹೆಸರನ್ನೂ ಸುಳ್ಳಿಗೆ ಎಳೆದುಕೊಂಡೆ.

ಮರುದಿನ ಬೆಳಿಗ್ಗೆ ಮೌಲಾನ ಕೈಗೆ ಕಬ್ಬಿಣ ಕೊಯ್ಯುವ ಗರಗಸ ಕೊಟ್ಟೆ. ಅವನು ಏಣಿ ಹತ್ತಲಿಲ್ಲ. ಹೊರಗೆ ಹೋಗಿ ಗೋಡೆ ನೋಡಿ ಬಂದ.

"ಭಾಯಿ, ರಾಡು ಗೋಡಿ ದಾಟಿ ಹೊರಗ ಬಂದಾವ. ಒಂದೊಂದಕ್ಕೂ ತಾಟಿನಷ್ಟು ಕಬ್ಬಿಣದ ಬಿಲ್ಲಿ ಹಾಕಿ ನಟ್ಟು ಬಿಗದಾರ. ಪಂಕಾ ಕಟ್ಟಾಕ ಇಷ್ಟ್ಯಾಕ ಬೇಕು?"

"ಪಂಕಾ ಬೀಳಬಾರದು ಅಂತ ಬಿಗದಾರ. ಹತ್ತು."

"ಒಂದ್ ಸಲ ಸಾಹೇಬ್ರನ್ನ ಕೇಳೋಣಲ್ಲ."

"ಸಾಹೇಬ್ರು ನನ್ನ ಕೇಳ್ಯಾರ, ನೀ ಸಾಹೇಬ್ರನ್ನ ಕೇಳ್ತೀ? ದೊಡ್ಡ ಇಂಜಿನೇರ ಆಗೀದಿ! ದೇವಕ್ಕಾ, ಇವನ ಕರಣಿ ತಗೊಂಡು ಒಂದು ಪೆನ್ನು ಕೊಡು."

ಎಲ್ಲರೂ ನಕ್ಕರು. ಮೌಲಾ ಕಿವಿಯವರೆಗೆ ಕೆಂಪಾಗಿ ಏಣಿ ಹತ್ತಿದ. ಮೊದಲ ರಾಡು ಕೊಯ್ಯುತ್ತ ಬಂದು ಇನ್ನೂ ಸ್ವಲ್ಪ ಉಳಿದಿರುವಾಗಲೇ ಅದು ತಾನಾಗಿ ಕಿತ್ತು ಬಂದೂಕು ಹಾರಿಸಿದಂತೆ ಸಪ್ಪಳವಾಯಿತು. ಪಂಕಾ ತೂಗುವ ಬರಿಯ ರಾಡಿನಲ್ಲಿ ಅಂಥ ಬಿಗಿ ಇರುವುದಿಲ್ಲ. ಮೌಲಾ ಏಣಿಯ ಮೇಲಿಂದ ನನ್ನನ್ನೇ ನೋಡಿದ. ಅದು ನನಗೂ ತಿಳಿಯಿತು. ಆಗಲೂ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಪೆನ್ನಿನ ನಗೆ ನನ್ನ ಮೇಲೆ ತಿರುಗುತ್ತಿತ್ತು.

"ಏನ್ ನೋಡ್ತಿ? ಮುಂದಿಂದು ಕೊಯ್ಯಿ" ಎಂದೆ.

ಮಧ್ಯಾಹ್ನದೊಳಗೆ ಎಲ್ಲವೂ ನೆಲದ ಮೇಲಿದ್ದವು. ಸುಳ್ಳು ಚಾವಣಿ ಬಂತು, ರಿಬ್ಬನ್ನು ಕತ್ತರಿಸಿದರು, ನನಗೂ ಒಂದು ಶಾಲು ಹೊದಿಸಿದರು.

ಕಮಾನು ಸುಮ್ಮನೆ ಕೂತಿರುವ ವಸ್ತುವಲ್ಲ. ಅದು ಹಗಲೂ ರಾತ್ರಿ ಪಕ್ಕಕ್ಕೆ ಒದೆಯುತ್ತಿರುತ್ತದೆ. ನಡುವಿನ ಕಮಾನುಗಳು ಒಂದನ್ನೊಂದು ಒದ್ದು ನಿಲ್ಲುತ್ತವೆ. ಕೊನೆಯದು ಗೋಡೆಯನ್ನು ಒದೆಯುತ್ತದೆ. ಎದುರುಬದುರಿನ ಆ ಗೋಡೆಗಳು ಹೊರಕ್ಕೆ ಸರಿಯದಂತೆ ಬಿಗಿದು ಹಿಡಿದದ್ದು ನಾನು ಪಂಕಾದವು ಎಂದ ರಾಡುಗಳು. ಅವನ್ನು ಕೊಯ್ದ ಮೇಲೆ ಗೋಡೆ ಕೂದಲೆಳೆಯಷ್ಟು, ಆಮೇಲೆ ಕಡ್ಡಿಯಷ್ಟು ಸರಿದಿರಬೇಕು. ಕಮಾನಿನಲ್ಲಿ ಬಿರುಕು ಬಿಟ್ಟಿರಬೇಕು. ಕಾಣುವ ಹಾಗಿರಲಿಲ್ಲ. ಕೆಳಗೆ ಬಿಳಿ ಹಲಗೆ ಹೊಡೆದು ನಾವೇ ಮುಚ್ಚಿದ್ದೆವು.

ಎರಡನೆಯ ಮಳೆಗಾಲದಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಕೊನೆಯ ಕಮಾನು ಇಡಿಯಾಗಿ ಕುಸಿಯಿತು. ರಜೆಯ ದಿನವಾದ್ದರಿಂದ ಕೋಣೆಯಲ್ಲಿ ಯಾರೂ ಇರಲಿಲ್ಲ. ಸೋಮವಾರವಾಗಿದ್ದರೆ ಎನ್ನುವುದನ್ನು ನಾನು ಇವತ್ತಿಗೂ ಪೂರ್ತಿ ಯೋಚಿಸಿಲ್ಲ. ಅರ್ಧಕ್ಕೆ ಬಂದು ಎದ್ದು ಹೋಗಿ ನೀರು ಕುಡಿಯುತ್ತೇನೆ.

ವಿಚಾರಣೆಗೆ ಕಲಬುರಗಿಯಿಂದ ದೊಡ್ಡ ಸಾಹೇಬರು ಬಂದರು. ಅಷ್ಟರಲ್ಲಿ ದಾವಣಗೆರೆಯ ಇಂಜಿನಿಯರಿಗೆ ವರ್ಗವಾಗಿತ್ತು, ಹೆಡ್ ಮಾಸ್ತರರು ನಿವೃತ್ತರಾಗಿದ್ದರು. ಪಡಸಾಲೆಯಲ್ಲಿ ನಾವು ಗ್ಯಾಂಗಿನವರು ಸಾಲಾಗಿ ನಿಂತಿದ್ದೆವು. ಸಾಹೇಬರು ತುಂಡು ರಾಡೊಂದನ್ನು ಕಾಲಿನಿಂದ ಉರುಳಿಸಿ ಕೇಳಿದರು:

"ಇದನ್ನ ಯಾವಂವ ಕೊಯ್ದಾಂವ?"

ಮೌಲಾ ಒಂದು ಹೆಜ್ಜೆ ಮುಂದೆ ಬಂದ. "ನಾನ್ರಿ."

"ಯಾರು ಹೇಳಿದ್ರು?"

ಮೌಲಾ ಮಾತಾಡಲಿಲ್ಲ. ತಲೆ ತಗ್ಗಿಸಿ ನಿಂತ. ಸಾಹೇಬರು ನನ್ನ ಕಡೆ ನೋಡಿದರು. "ಮೇಸ್ತ್ರಿ, ಕೊಯ್ಯಾಕ ಹೇಳಿದವ ನೀನೇನು?"

ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಓಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ನನ್ನದು ಕಾಯಂ ನೌಕರಿ, ಹೋದರೆ ಪಿಂಚಣಿ ಸಮೇತ ಹೋಗುತ್ತದೆ. ಅವನದು ಹೇಗೂ ದಿನಗೂಲಿ, ನಾಲ್ಕು ದಿನ ಮನೆಯಲ್ಲಿ ಕೂಡಿಸಿ ಮತ್ತೆ ಕರೆದುಕೊಂಡರಾಯಿತು. ಇದು ಆಗ ನನಗೆ ಇಬ್ಬರಿಗೂ ಒಳ್ಳೆಯದಾಗುವ ದಾರಿಯಂತೆಯೇ ಕಂಡಿತು.

"ಇಲ್ರಿ ಸಾಹೇಬ್ರ. ನಾ ಅವತ್ತು ಸಾಮಾನು ತರಾಕ ಯಾದಗಿರಿಗೆ ಹೋಗಿದ್ದೆ. ಬಂದು ನೋಡೂದ್ರಾಗ ಇವ ತನ್ನ ಬುದ್ಧಿಗೆ ತಿಳಿದಂಗ ಕೊಯ್ದಿದ್ದ."

ಸಾಲಿನಲ್ಲಿ ನಿಂತವರಿಗೆಲ್ಲ ನಿಜ ಗೊತ್ತಿತ್ತು. ಕೂಲಿಯವರು ಮೇಸ್ತ್ರಿಯ ಎದುರು ಏನು ಅಂದಾರು? ಮೌಲಾ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದ. ಸಾಹೇಬರು ಅವನನ್ನು ನಾಳೆಯಿಂದ ಕೆಲಸಕ್ಕೆ ಕರೆಯಬಾರದು ಎಂದು ಹೇಳಿ ಜೀಪು ಹತ್ತಿದರು. ಸಂಜೆ ಬುಟ್ಟಿ ತೊಳೆಯುತ್ತ ದೇವಕ್ಕ ನನ್ನ ಮುಖ ನೋಡದೆ ಕೇಳಿದಳು:

"ಮೇಸ್ತ್ರಿ, ನಿನ್ನ ನಾಲಗಿಗೂ ಸಿಮೆಂಟ್ ಹಚ್ಚೀದೇನು?"

ನಾಲ್ಕು ದಿನದ ನಂತರ ನಾನು ಅವನನ್ನು ಮತ್ತೆ ಕರೆಯಲಿಲ್ಲ. ಕರೆಯಲು ಆಗಲೇ ಇಲ್ಲ, ಅವನನ್ನು ತೆಗೆದ ಕಾಗದಪತ್ರವೆಲ್ಲ ಮುಗಿದಿತ್ತು. ಅಷ್ಟೇ ಆಗಿದ್ದರೆ ಅವನು ಊರವರಿಗೆ ಮನೆ ಕಟ್ಟಿಕೊಟ್ಟು ಬದುಕುತ್ತಿದ್ದ, ಕೈ ಅಷ್ಟು ಚೆನ್ನಾಗಿತ್ತು. ಆದರೆ ಶಹಾಪುರದಲ್ಲಿ ಅವನಿಗೆ 'ಸಾಲಿ ಬೀಳಿಸಿದ ಮೌಲಾ' ಎಂದು ಹೆಸರು ಬಿತ್ತು. ಗೌಂಡಿಯನ್ನು ಜನ ಕರೆಯುವುದು ಅವನು ಕಟ್ಟಿದ ಮಾಳಿಗೆಯ ಕೆಳಗೆ ಮಲಗುವ ಧೈರ್ಯದ ಮೇಲೆ. ಒಬ್ಬ ವ್ಯಾಪಾರಿ ಅರ್ಧ ಎದ್ದ ಗೋಡೆಯಿಂದ ಅವನನ್ನು ಇಳಿಸಿ, "ತಪ್ಪು ತಿಳೀಬ್ಯಾಡ ತಮ್ಮಾ, ಮಕ್ಕಳು ಮರಿ ಮಲಗೋ ಮನಿ ಅದ" ಎಂದನಂತೆ. ಇದನ್ನು ನನಗೆ ಹೇಳಿದವನು ಚಾದಂಗಡಿಯವನು. ಹೇಳಿ, "ನಿನ್ನ ತಮ್ಮ ಹಂಗ್ಯಾಕ ಮಾಡಿದ್ನೋ ಖಾಸಿಂ?" ಎಂದು ಕೇಳಿದ. ನಾನು ಚಾ ಕುಡಿಯುತ್ತ, "ಹುಡುಗ ಬುದ್ಧಿ" ಎಂದೆ. ತಮ್ಮನ ಮೇಲೆ ಹೊರಿಸಿದ ಮೊದಲ ಸುಳ್ಳನ್ನು ಹೆದರಿ ಹೇಳಿದ್ದೆ ಎನ್ನಬಹುದು. ಈ ಎರಡನೆಯದಕ್ಕೆ ಆ ನೆಪವೂ ಇಲ್ಲ.

ಮೌಲಾ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹುಣಸಗಿಗೆ ಹೋದ. ಹಬ್ಬಕ್ಕೆ ಬರುತ್ತಿದ್ದ, ಮಾತಾಡುತ್ತಿದ್ದ, ಆ ವಿಷಯ ಎಂದೂ ತೆಗೆಯಲಿಲ್ಲ. ಅಣ್ಣನನ್ನು ಉಳಿಸಲು ತಾನು ಮೈಮೇಲೆ ಹಾಕಿಕೊಂಡ, ದೊಡ್ಡ ಮನಸ್ಸಿನವನು ಎಂದು ನಾನು ನನ್ನೊಳಗೆ ಹೇಳಿಕೊಳ್ಳುತ್ತಿದ್ದೆ. ಹಾಗೆ ಹೇಳಿಕೊಂಡಾಗಲೆಲ್ಲ ಸ್ವಲ್ಪ ಹಗುರಾಗುತ್ತಿತ್ತು. ನಮಾಜಿನಲ್ಲಿ ಅವನಿಗಾಗಿ ದುವಾ ಕೇಳುತ್ತಿದ್ದೆ. ಅವನ ಪರವಾಗಿ ಯಾರ ಮುಂದೆಯೂ ಒಂದು ಮಾತು ಆಡಲಿಲ್ಲ.

ಆ ಶಾಲೆ ಈಗಿಲ್ಲ. ಒಂದು ಮೂಲೆ ಬಿದ್ದದ್ದಕ್ಕೆ ಇಡೀ ಕಟ್ಟಡ ಶಿಥಿಲ ಎಂದು ಬರೆದರು, ಕೆಡವಿದರು. ಕೆಡವುವಾಗ ಉಳಿದ ಗೋಡೆಗಳು ಯಂತ್ರಕ್ಕೂ ಸುಲಭವಾಗಿ ಜಗ್ಗಲಿಲ್ಲ. ಅದೇ ಜಾಗದಲ್ಲಿ ಎದ್ದ ಹೊಸ ಕಟ್ಟಡದ ಸ್ಲ್ಯಾಬು ಕೈ ಎತ್ತಿದರೆ ಸಿಗುವಂತಿದೆ. ಬೇಸಿಗೆಯಲ್ಲಿ ಮಾಸ್ತರರು ಮಕ್ಕಳನ್ನು ಬೇವಿನ ಮರದ ಕೆಳಗೆ ಕೂಡಿಸುತ್ತಾರೆ. ಇದಕ್ಕೂ ಊರಿನವರು ಬೈಯುವುದು ನನ್ನ ತಮ್ಮನನ್ನೇ.

ಮೊನ್ನೆ ಹುಡುಗರು ಬಂದು ಹೋದ ಮೇಲೆ ಹುಣಸಗಿ ಬಸ್ಸು ಹತ್ತಿದೆ. ಕಾಲುವೆಯ ಬದಿಯ ರಸ್ತೆಗೆ ಮೌಲಾನ ಜಾಗ. ಅವನು ಸಿಮೆಂಟಿನ ಬಾಗಿಲು ಚೌಕಟ್ಟು, ಕಿಟಕಿ ಚೌಕಟ್ಟು ಎರಕ ಹೊಯ್ದು ಮಾರುತ್ತಾನೆ. ಎಲ್ಲವನ್ನೂ ನೆಲದ ಮೇಲೆ ಮಲಗಿಸಿ ಮಾಡುವ ಕೆಲಸ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ಗೋಡೆ ಹತ್ತಿಲ್ಲ. ಗಡ್ಡ ನನಗಿಂತ ಬೆಳ್ಳಗಾಗಿದೆ. ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ನಾನು ಕೂರದೆ ಹೇಳಿದೆ:

"ಮೌಲಾ, ಸಾಲಿದು ಎಲ್ಲಾ ಬರೀಬೇಕಂತೀನಿ. ಇದ್ದದ್ದು ಇದ್ದಂಗ. ನನ್ನ ಹೆಸರು ಹಾಕಿ."

ಅವನು ಅಚ್ಚಿನೊಳಗಿನ ಜಲ್ಲಿ ಸಿಮೆಂಟನ್ನು ಕರಣಿಯಿಂದ ಒತ್ತುತ್ತಲೇ ಇದ್ದ.

"ಈಗ್ಯಾಕ?"

"ಮನಸ್ಸು ತಡೀವಲ್ದು."

"ನಿನ್ನ ಪಿಂಚಣಿ?"

"ಹೋದ್ರ ಹೋಗ್ಲಿ."

"ಹೋಗೂದಿಲ್ಲ ಬಿಡು. ಅದಕ್ಕ ಬರ್ಯಾಕ ಹೊಂಟೀದಿ" ಎಂದು ನಕ್ಕ. ಅವನ ಹೆಂಡತಿ ಚಾ ತಂದಿಟ್ಟು, ನನಗೆ ಸಲಾಂ ಹೇಳಿ ಒಳಗೆ ಹೋದಳು.

"ಬರಿ" ಎಂದ ಮೌಲಾ. "ನನ್ನ ಮೊಮ್ಮಗ ಓದತಾನ, ಓದಿ ಹೇಳ್ತಾನ. ಆದ್ರ ನಾ ಮಾಫ್ ಮಾಡೀನಿ ಅಂತ ಬರೀಬ್ಯಾಡ. ಮಾಡಿಲ್ಲ."

"ಬರ್ಯೂದಿಲ್ಲ. ನನ್ನ ಉಳಸಾಕ ನೀ ಅವತ್ತು ಸುಮ್ಮನ ನಿಂತಿ ಅಂತ ಬರೀತೀನಿ. ಅಷ್ಟಾದ್ರೂ ಜನಕ್ಕ ತಿಳೀಲಿ."

ಅವನ ಕೈ ನಿಂತಿತು. ಕರಣಿ ಕೆಳಗಿಟ್ಟು ನನ್ನನ್ನು ನೋಡಿದ.

"ನಿನ್ನ ಉಳಸಾಕ? ಯಾರು ಹೇಳಿದ್ರು ನಿನಗ?"

ನಾನು ಕುರ್ಚಿಯಲ್ಲಿ ಕೂತೆ.

"ನಾ ಹೇಳಿದ್ರ ದಿನಗೂಲಿಯವನ ಮಾತು ಯಾರು ನಂಬತಿದ್ರು? ನೀ ಹೇಳ್ತಿ ಅಂತ ನಿಂತಿದ್ದೆ, ಭಾಯಿ. ಸಾಹೇಬ್ರು ನಿನ್ನ ಕಡಿ ತಿರುಗಿದ್ರು, ಈಗ ಹೇಳ್ತಾನ ಅಂದ್ಕೊಂಡೆ. ನೀ ಯಾದಗಿರಿ ಅಂದಿ. ಆದ್ರೂ ನಿಂತೆ. ಜೀಪು ಚಾಲೂ ಆಗೂತನಕ ನಿಂತಿದ್ದೆ."

ಅವನು ಮತ್ತೆ ಕರಣಿ ಎತ್ತಿಕೊಂಡ. ಸಿಮೆಂಟು ಗಟ್ಟಿಯಾಗುವ ಮೊದಲು ಮುಗಿಸಬೇಕಿತ್ತು. ಚಾ ಆರುತ್ತದೆ, ಕುಡಿ ಎಂದ. ಕುಡಿದೆ. ಬಸ್ಸಿನ ಹೊತ್ತಾಗಿದೆ, ಹೊರಡು ಎಂದ. ಹೊರಟೆ.